ಇನ್ನಷ್ಟು ಸಂತರು ಬೇಡ, ಒಬ್ಬಳು ಸಾಕು

ಪ್ರೀತಿಯ ಮಗಳೇ,

ನಿನ್ನ ಮೆಸೇಜ್ ಓದಿದೆ. ದಿನಾ ಬೆಳಿಗ್ಗೆ ಫೋನಿಗೆ ಸಂತರ ಒಂದೊಂದು ಮಾತು ಬರುತ್ತದೆ, ಓದುವಾಗ ಹಿತವಾಗಿರುತ್ತದೆ, ಆಮೇಲೆ ಹಾಸ್ಟೆಲ್ ರೂಮಿನಲ್ಲಿ ಕಿರಿಕಿರಿ ಶುರುವಾದರೆ ಒಂದೂ ನೆನಪಿಗೆ ಬರುವುದಿಲ್ಲ ಅಂತ ಬರೆದಿದ್ದೀಯ. ಬೇರೆ ಯಾವ ಸಂತರನ್ನು ಓದಲಿ ಅಂತ ಕೇಳಿದ್ದೀಯ. ಇನ್ನಷ್ಟು ಬೇಡ ಮಗಳೇ. ಒಬ್ಬರನ್ನೇ ಗಟ್ಟಿಯಾಗಿ ಹಿಡಿದುಕೋ. ಅವರ ದಿನ ಹೇಗೆ ಕಳೆಯುತ್ತಿತ್ತು ಅಂತ ನೋಡು.

ನಿನಗೆ ನಾನು ಆರಿಸುವುದು ಲಿಸ್ಯೂ ಊರಿನ ಸಂತ ತೆರೇಸಾಳನ್ನು. ಹುಟ್ಟಿದ್ದು 1873ರಲ್ಲಿ, ಫ್ರಾನ್ಸಿನಲ್ಲಿ. 15ಕ್ಕೆ ಕಾರ್ಮೆಲ್ ಸಭೆಯ ಸನ್ಯಾಸಿನಿಯರ ಮಠ ಸೇರಿದಳು, 24ಕ್ಕೆ ಕ್ಷಯದಿಂದ ತೀರಿಕೊಂಡಳು. ಹೆಚ್ಚುಕಡಿಮೆ ನಿನ್ನದೇ ವಯಸ್ಸು, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಗೋಡೆ ದಾಟಿ ಅವಳು ಏನೂ ಮಾಡಲಿಲ್ಲ. ಆದರೂ 1997ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವಳನ್ನು ಧರ್ಮಸಭೆಯ ಪಂಡಿತರ, ಅಂದರೆ ಇಡೀ ಸಭೆಗೆ ಪಾಠ ಹೇಳಬಲ್ಲ ಗುರುಗಳ, ಸಾಲಿಗೆ ಸೇರಿಸಿದರು. ಆ ಸಾಲಿನಲ್ಲಿ ಎಲ್ಲರಿಗಿಂತ ಚಿಕ್ಕವಳು ಅವಳೇ.

ಅವಳಿಗೂ ನಿನ್ನ ಥರದ್ದೇ ಕಷ್ಟ. ಪ್ರಾರ್ಥನೆಗೆ ಕೂತರೆ ಹಿಂದೆ ಕೂತ ಸಿಸ್ಟರ್ ಏನೋ ಕಟಕಟ ಸದ್ದು ಮಾಡುತ್ತಿದ್ದರು. ತಿರುಗಿ ದುರುಗುಟ್ಟಿ ನೋಡಿಬಿಡೋಣ ಅನ್ನಿಸುತ್ತಿತ್ತಂತೆ. ತಡೆದುಕೊಂಡು ತಡೆದುಕೊಂಡು ಬೆವರಿಬಿಡುತ್ತಿದ್ದಳು. ಕೊನೆಗೆ ಆ ಸದ್ದನ್ನೇ ಸಂಗೀತ ಅಂತ ಕಿವಿಗೊಟ್ಟು ಕೇಳಿ, ಅದನ್ನೇ ಯೇಸುವಿಗೆ ಒಪ್ಪಿಸಿದಳು. ಬಟ್ಟೆ ಒಗೆಯುವಾಗ ಎದುರಿದ್ದವರು ಕೊಳೆನೀರು ಮುಖಕ್ಕೆ ಹಾರಿಸುತ್ತಿದ್ದರು. ಅದನ್ನೂ ಮುಖ ಸಿಂಡರಿಸದೆ ಸಹಿಸಿದಳು.

ನನಗೆ ಜಾಸ್ತಿ ಇಷ್ಟ ಆಗುವುದು ಮುದುಕಿ ಸಿಸ್ಟರ್ ಒಬ್ಬರ ಕಥೆ. ಅವರಿಗೆ ಸರಿಯಾಗಿ ನಡೆಯಲು ಆಗುತ್ತಿರಲಿಲ್ಲ. ಸಂಜೆ ಪ್ರಾರ್ಥನೆಯ ಮಧ್ಯೆ ಯಾರಾದರೂ ಎದ್ದು ಅವರನ್ನು ಊಟದ ಕೋಣೆಗೆ ಕರೆದುಕೊಂಡು ಹೋಗಬೇಕು. ಅವರನ್ನು ಮೆಚ್ಚಿಸುವುದು ಕಷ್ಟ ಅಂತ ಎಲ್ಲರಿಗೂ ಗೊತ್ತು. ತೆರೇಸಾ ತಾನಾಗಿ ಮುಂದೆ ಬಂದಳು. ಬೇಗ ನಡೆದರೆ ಬೀಳುತ್ತೇನೆ ಅಂತ ಗೊಣಗಾಟ. ನಿಧಾನ ಮಾಡಿದರೆ ಕೈ ಬಿಟ್ಟೆಯಾ, ನೀನಿನ್ನೂ ಚಿಕ್ಕವಳು, ನಿನಗೆಲ್ಲಿ ಆಗುತ್ತದೆ ಅಂತ ಬೈಗುಳ. ಕೂರಿಸಿ, ಅವರ ಅಂಗಿಯ ತೋಳು ಮಡಿಸಿ ಕೊಡುವಷ್ಟಕ್ಕೆ ಅವಳ ಕೆಲಸ ಮುಗಿಯುತ್ತಿತ್ತು. ಒಂದು ದಿನ ಆ ಮುದುಕಿ ಬ್ರೆಡ್ ಕತ್ತರಿಸಲು ಒದ್ದಾಡುವುದು ಕಣ್ಣಿಗೆ ಬಿತ್ತು. ಅವತ್ತಿನಿಂದ ಅದನ್ನೂ ಕತ್ತರಿಸಿಕೊಟ್ಟು, ಒಂದು ನಗು ನಕ್ಕು ಬರುತ್ತಿದ್ದಳು. ಹೀಗೇ ಒಂದು ಚಳಿಗಾಲದ ಸಂಜೆ ಅವರನ್ನು ನಡೆಸಿಕೊಂಡು ಹೋಗುವಾಗ ದೂರದಿಂದ ವಾದ್ಯದ ದನಿ ಕೇಳಿಸಿತು. ದೀಪ ಹಚ್ಚಿದ ದೊಡ್ಡ ಮನೆ, ಚೆಂದದ ಬಟ್ಟೆ ತೊಟ್ಟ ಹುಡುಗಿಯರು, ಎಲ್ಲ ಮನಸ್ಸಿಗೆ ಬಂತು. ಪಕ್ಕದಲ್ಲಿ ನರಳುವ ಮುದುಕಿ. ಆದರೂ ಆ ಹತ್ತು ನಿಮಿಷವನ್ನು ಬೇರೆ ಯಾವ ಸುಖಕ್ಕೂ ಬಿಟ್ಟುಕೊಡಲಾರೆ ಅನ್ನಿಸಿತು ಅಂತ ಅವಳೇ ಬರೆದಿದ್ದಾಳೆ.

ನಿನ್ನ ರೂಮ್‌ಮೇಟ್ ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಜೋರಾಗಿ ಮಾತಾಡುತ್ತಾಳೆ ಅಂದೆಯಲ್ಲ, ನಿನ್ನ ಕಟಕಟ ಸದ್ದು ಅದೇ. ಹಾಗಂತ ಬಾಯಿ ಮುಚ್ಚಿಕೊಂಡಿರು ಅನ್ನುತ್ತಿಲ್ಲ. ನಿನಗೆ ನಿದ್ದೆ ಬೇಕು, ಬೆಳಿಗ್ಗೆ ಸಮಾಧಾನವಾಗಿ ಹೇಳು. ಆದರೆ ಹೇಳುವ ಮುಂಚೆ ಅವಳಿಗೊಂದು ಕಾಫಿ ಮಾಡಿಕೊಡಲು ಆಗುತ್ತದಾ ನೋಡು. ಅದೇ ಅವತ್ತಿನ ನಿನ್ನ ಧ್ಯಾನ.

ರೇಗಿಬಿಟ್ಟೆ ಅಂತ ರಾತ್ರಿಯೆಲ್ಲ ನಿನ್ನನ್ನೇ ಬೈದುಕೊಳ್ಳಬೇಡ. ಸಂತ ಫ್ರಾನ್ಸಿಸ್ ದ ಸೇಲ್ಸ್ ಇದನ್ನು ಬಿಡಿಸಿ ಹೇಳಿದ್ದಾರೆ. ಕೋಪ ಬಂತಲ್ಲ ಅಂತ ಮತ್ತೆ ಕೋಪಿಸಿಕೊಂಡರೆ ಕೋಪವೇ ಬೆಳೆಯುತ್ತದೆ. ಬಿದ್ದ ಮನಸ್ಸನ್ನು ಮೆಲ್ಲಗೆ ಎಬ್ಬಿಸಬೇಕು.

ಇನ್ನೊಂದು ಮಾತು. ಕೆಲಸ ಬಿಟ್ಟು ಬಂದುಬಿಡಲಾ ಅಂತ ಕೇಳಿದ್ದೀಯ. ಸಂತ ಇಗ್ನೇಷಿಯಸ್ ಲೊಯೊಲಾ 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಯುದ್ಧದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದವರು. ತಮ್ಮ ಮನಸ್ಸಿನ ಏರಿಳಿತವನ್ನು ಗಮನಿಸಲು ಅಲ್ಲೇ ಕಲಿತರು. ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಹಿಂದಿನ ನಿರ್ಧಾರ ಬದಲಿಸಬೇಡಿ ಅಂತ ಅವರ ಕಟ್ಟುನಿಟ್ಟು. ನೀನು ರಾಜೀನಾಮೆ ಕಾಗದ ಹಾಕು, ಆದರೆ ಅಳುತ್ತಾ ಹಾಕಬೇಡ. ಮನಸ್ಸು ತಿಳಿಯಾಗಲಿ. ಆಗಲೂ ಬಿಡಬೇಕು ಅನ್ನಿಸಿದರೆ ಧೈರ್ಯವಾಗಿ ಬಿಡು. ನಿನ್ನ ಕೋಣೆ ಇಲ್ಲಿ ಹಾಗೇ ಇದೆ.

ರಾತ್ರಿ ಮಲಗುವ ಮುಂಚೆ ಐದು ನಿಮಿಷ ಆ ದಿನವನ್ನು ಹಿಂತಿರುಗಿ ನೋಡು. ಇದೂ ಇಗ್ನೇಷಿಯಸ್ ಕಲಿಸಿದ್ದೇ. ಮೊದಲು ದೇವರಿಗೆ ಥ್ಯಾಂಕ್ಸ್ ಹೇಳಬೇಕು, ತಪ್ಪುಗಳ ಲೆಕ್ಕ ಆಮೇಲೆ. ಅವತ್ತು ಎಲ್ಲಿ ಮುಗ್ಗರಿಸಿದೆ ಅಂತ ಒಂದೇ ಒಂದು ಜಾಗ ಗುರುತಿಸಿಕೋ. ನಾಳೆ ಬೆಳಿಗ್ಗೆ ಫೋನ್ ಮುಟ್ಟುವ ಮುಂಚೆ ಅದನ್ನು ನೆನೆದು ಒಂದು ನಮೋ ಮರಿಯ ಪ್ರಾರ್ಥನೆ ಹೇಳು.

ತೆರೇಸಾಳ ಹಬ್ಬ ಅಕ್ಟೋಬರ್ 1ಕ್ಕೆ. ಅಲ್ಲಿಯವರೆಗೂ ಅವಳ ಜೊತೆಗೇ ಇರು. ಅವಳ ಆತ್ಮಕಥೆ ನನ್ನ ಹತ್ತಿರ ಇದೆ, ಈ ವಾರವೇ ಪಾರ್ಸೆಲ್ ಮಾಡುತ್ತೇನೆ. ಮುದುಕಿ ಸಿಸ್ಟರ್ ಕಥೆ ಕೊನೆಯ ಭಾಗದಲ್ಲಿದೆ, ಅಲ್ಲಿಂದಲೇ ಓದಲು ಶುರು ಮಾಡಿದರೂ ಪರವಾಗಿಲ್ಲ. ಹಾಸ್ಟೆಲ್ಲಿನ ಪಿನ್‌ಕೋಡ್ ಕಳಿಸು.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ