ಸೂಪರ್‌ಸಿಮ್ಮೆಟ್ರಿ ಕತೆ ಮುಗಿದಿಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ಉಡುಪಿಯಲ್ಲೇ ಒಂದು ವಿಜ್ಞಾನ ಭಾಷಣಕ್ಕೆ ಹೋಗಿದ್ದೆ. ಪ್ರತಿ ಮೂಲಕಣಕ್ಕೂ ಇನ್ನೊಂದು ಜೋಡಿ ಕಣ ಇದೆ ಎನ್ನುವ ಊಹೆಯೇ ಸೂಪರ್‌ಸಿಮ್ಮೆಟ್ರಿ; ಕಣಗಳನ್ನು ಡಿಕ್ಕಿ ಹೊಡೆಸುವ ಜಿನೀವಾದ ಯಂತ್ರದಲ್ಲಿ ಅಂಥ ಒಂದು ಕಣವೂ ಸಿಗಲಿಲ್ಲ, ಅದರ ಕತೆ ಮುಗೀತು ಎಂದು ಭಾಷಣಕಾರರು ಎರಡೇ ಮಾತಲ್ಲಿ ಮುಗಿಸಿಬಿಟ್ಟರು. ಸಿಕ್ಕಿಲ್ಲ, ನಿಜ. 2012ರಲ್ಲಿ ಅದೇ ಯಂತ್ರದಲ್ಲಿ ಹಿಗ್ಸ್ ಎಂಬ ಕಣ ಸಿಕ್ಕಿತು, ಇದು ಇಲ್ಲ. ಅಷ್ಟೇ ಹೇಳಿ ಮಕ್ಕಳನ್ನು ಮನೆಗೆ ಕಳಿಸಿದರೆ ಹೇಗೆ?

ಕಣ ಸಿಗದಿದ್ದರೂ ಅದರ ಗಣಿತ ಕೆಲಸಕ್ಕೆ ಬಂದಿದೆ. 1994ರಲ್ಲಿ ಭೌತವಿಜ್ಞಾನಿಗಳಾದ ಸೈಬರ್ಗ್ ಮತ್ತು ವಿಟನ್ ಇದೇ ಸೂಪರ್‌ಸಿಮ್ಮೆಟ್ರಿ ಇರುವ ಗೇಜ್ ಸಿದ್ಧಾಂತವನ್ನು (ಕಣಗಳ ನಡುವಿನ ಬಲಗಳನ್ನು ವಿವರಿಸುವ ಬಗೆಯ ಸಿದ್ಧಾಂತ) ಹಿಡಿದು, ಆ ಬಲ ಜಾಸ್ತಿಯಾದಾಗ ಏನಾಗುತ್ತದೆ ಎಂಬ ಲೆಕ್ಕವನ್ನೇ ಬಿಡಿಸಿದರು. 1997ರಲ್ಲಿ ಇನ್ನೊಬ್ಬ ಭೌತವಿಜ್ಞಾನಿ ಮಾಲ್ಡಸೀನಾ ಹೇಳಿದ್ದು ಇನ್ನೂ ಮಜಾ: ಸೂಪರ್‌ಸಿಮ್ಮೆಟ್ರಿ ಇರುವ, ಗುರುತ್ವವೇ ಇಲ್ಲದ ನಾಲ್ಕು ಆಯಾಮದ ಒಂದು ಗೇಜ್ ಸಿದ್ಧಾಂತವೂ, ಕಣಗಳನ್ನು ಕಂಪಿಸುವ ಎಳೆಗಳೆಂದು ನೋಡುವ, ಗುರುತ್ವವೂ ಇರುವ ಹತ್ತು ಆಯಾಮದ ಸ್ಟ್ರಿಂಗ್ ಸಿದ್ಧಾಂತವೂ ಒಂದೇ! ನಮ್ಮ ಊರಿನವರಿಗೆ ಇದು ಕಷ್ಟ ಅಲ್ಲ. ಮಲ್ಪೆ ಬಂದರಿನಲ್ಲಿ ಬಂಗುಡೆಯ ಚೌಕಾಸಿ ತುಳುವಿನಲ್ಲಿ ಸಲೀಸು, ಅದೇ ವ್ಯಾಪಾರದ ಸಾಲದ ಅರ್ಜಿಗೆ ಕನ್ನಡ ಬೇಕು, ಮೀನು ಮಾತ್ರ ಅದೇ, ಅಲ್ವಾ? ಅಲ್ಲೂ ಹಾಗೆ, ಒಂದು ಕಡೆ ಬಿಡಿಸಲಾಗದ ಲೆಕ್ಕ ಇನ್ನೊಂದು ಕಡೆ ಸುಲಭ. (ಇವೆರಡೂ ಒಂದೇ ಎನ್ನುವುದಕ್ಕೆ ಗಣಿತದ ಪೂರ್ತಿ ಪುರಾವೆ ಇನ್ನೂ ಸಿಕ್ಕಿಲ್ಲ, ಅದನ್ನೂ ಹೇಳಬೇಕು.)

ಪ್ರಶ್ನೆ ಕೇಳೋಣ ಅಂದರೆ ಮೈಕ್ ಆಗಲೇ ವಂದನಾರ್ಪಣೆಯವರ ಕೈಯಲ್ಲಿತ್ತು. ನಿಮ್ಮ ವಿಜ್ಞಾನ ಪುಟದಲ್ಲಾದರೂ ಯಾರಿಂದಾದರೂ ಬರೆಸಿ.

– ಒಬ್ಬ ಓದುಗ, ಉಡುಪಿ