ಭೀಮನನ್ನು ಯಾರಿಗೂ ಕೊಡಬೇಡ, ಮಂಜ

ಪ್ರೀತಿಯ ಮಂಜ,

ಮೊನ್ನೆ ರಾತ್ರಿ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. ನಿನ್ನ ಮುಧೋಳದ ನಾಯಿ ಭೀಮ ಎರಡು ತಿಂಗಳಿಂದ ವಾಕಿಂಗಿನಲ್ಲಿ ಬೇರೆ ನಾಯಿ ಕಂಡರೆ ಸಾಕು, ಗುರ್ ಅಂತ ಮೇಲೆ ಬೀಳಲು ಹೋಗುತ್ತಾನೆ ಅಂದೆ. ಕೊನೆಯಲ್ಲಿ "ಯಾರಾದ್ರೂ ತೋಟದ ಮನೆಯವರಿಗೆ ಕೊಟ್ಟುಬಿಡ್ಲಾ ಅನಿಸ್ತಿದೆ ಕಣೋ" ಅಂದೆಯಲ್ಲ, ಆ ದನಿ ಕೇಳಿದ ಮೇಲೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಲು ಹೋದರೆ ಅರ್ಧ ಮರೆಯುತ್ತೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದೇ ಕಷ್ಟದಲ್ಲಿರುವ ಬೇರೆಯವರೂ ಓದಲಿ ಅಂತ, ನಿನ್ನನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ.

ನನ್ನ ಬಲಗೈ ಮೇಲಿನ ಗಾಯದ ಗುರುತು ನೀನು ನೋಡಿದ್ದೀಯ. ಅದು ಬೀದಿ ನಾಯಿಯ ಹಲ್ಲಲ್ಲ, ನಮ್ಮ ಬೆಳ್ಳಿಯದು. ನಾಲ್ಕು ವರ್ಷದ ಹಿಂದೆ, ದೀಪಾವಳಿ ಕಳೆದು ಒಂದು ವಾರ ಆಗಿತ್ತು. ಕುವೆಂಪುನಗರದಲ್ಲಿ ನಮ್ಮ ಮನೆಯ ಹಿಂದಿನ ಕ್ರಾಸಿನ ಮೂಲೆಯಲ್ಲಿ ಒಂದು ಕಂದು ನಾಯಿ ನಿಂತಿತ್ತು. ಬೆಳ್ಳಿ ನಿಂತುಬಿಟ್ಟಳು. ಬಾಯಿ ಮುಚ್ಚಿತ್ತು, ಕಿವಿ ಮುಂದಕ್ಕೆ ಬಂದಿತ್ತು, ಬಾಲ ಮೇಲೆ ಎದ್ದು ಕಡ್ಡಿಯ ಹಾಗೆ ನಿಂತಿತ್ತು. ಬೇಗ ದಾಟಿಬಿಡೋಣ ಅಂತ ನಾನು ಚೈನ್ ಬಿಗಿಹಿಡಿದು ನೇರವಾಗಿ ಅದರ ಪಕ್ಕದಲ್ಲೇ ಎಳೆದುಕೊಂಡು ಹೊರಟೆ. ಮುಂದಿನದು ಎರಡು ಕ್ಷಣದಲ್ಲಿ ಆಗಿಹೋಯಿತು. ಎರಡೂ ಕಚ್ಚಿಕೊಂಡವು. ಬಿಡಿಸಲು ಬೆಳ್ಳಿಯ ಬೆಲ್ಟಿಗೆ ಕೈ ಹಾಕಿದೆ. ಅವಳು ತಿರುಗಿ ಕಚ್ಚಿದಳು. ಅದು ಯಾರ ಕೈ ಅಂತ ಆ ಹೊತ್ತಿನಲ್ಲಿ ಅವಳಿಗೆ ಗೊತ್ತಿರಲಿಲ್ಲ.

ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ಕೈ ತೊಳೆದು ಆಸ್ಪತ್ರೆಗೆ ಹೋದೆ. ಗಾಯದ ಸುತ್ತಲೇ ಒಂದು ಇಂಜೆಕ್ಷನ್ ಕೊಟ್ಟರು, ಆಮೇಲೆ ತಿಂಗಳ ತನಕ ರೇಬೀಸ್ ಲಸಿಕೆ. ಕಚ್ಚಿದ ಗಾಯಕ್ಕೆ ತಕ್ಷಣ ಹೊಲಿಗೆ ಹಾಕಬಾರದು ಅಂತ ಹಾಗೇ ಬಿಟ್ಟರು. ಬೆಳ್ಳಿಯ ಕುತ್ತಿಗೆಯಲ್ಲಿ ಅಕ್ಕಿಕಾಳಿನಷ್ಟು ಒಂದು ತೂತು ಕಂಡಿತು, ಅಷ್ಟೇ. ಸಣ್ಣದು ಅಂತ ಅರಿಸಿನ ಹಚ್ಚಿ ಸುಮ್ಮನಾದೆ. ಮೂರನೇ ದಿನ ಅಲ್ಲಿ ನಿಂಬೆಹಣ್ಣಿನ ಗಾತ್ರ ಕೀವು ತುಂಬಿತ್ತು. ನಾಯಿಯ ಹಲ್ಲು ಹೊರಗೆ ತೋರಿಸುವುದಕ್ಕಿಂತ ಒಳಗೆ ಜಾಸ್ತಿ ಹಾಳು ಮಾಡುತ್ತದೆ ಮಂಜ. ಜಗಳ ಆದರೆ ಗಾಯ ಎಷ್ಟೇ ಚಿಕ್ಕದಿರಲಿ, ಅವತ್ತೇ ಡಾಕ್ಟರ ಹತ್ತಿರ ಹೋಗು. ಭೀಮನಿಗೆ ಮೊದಲೇ ಲಸಿಕೆ ಹಾಕಿಸಿದ್ದರೂ ರೇಬೀಸ್ ಬೂಸ್ಟರ್ ಬಗ್ಗೆ ಕೇಳು.

ಆ ಸಂಜೆಯ ತಪ್ಪು ಕೈ ಹಾಕಿದ್ದಕ್ಕಿಂತ ಮೊದಲೇ ಆಗಿತ್ತು. ಅವಳು ನಿಂತಾಗಲೇ ನಾನು ತಿರುಗಬೇಕಿತ್ತು. ನಾಯಿಗೆ ನಮ್ಮ ಮಾತು ಕೇಳಿಸುವ ಒಂದು ದೂರ ಇದೆ. ಅದಕ್ಕಿಂತ ಹತ್ತಿರ ಹೋದರೆ ನೀನು ಎಷ್ಟು ಕೂಗಿದರೂ, ಎಷ್ಟು ಎಳೆದರೂ ಅದರ ತಲೆಗೆ ಹೋಗುವುದಿಲ್ಲ. "ಅವನು ಬೇಕಂತಲೇ ನನ್ನ ಮಾತು ಕೇಳಲ್ಲ" ಅಂದೆಯಲ್ಲ, ಅದು ನಿಜವಲ್ಲ. ಆ ಹೊತ್ತಿನಲ್ಲಿ ಅವನಿಗೆ ಕೇಳಲು ಆಗುವುದೇ ಇಲ್ಲ.

ನಾನು ಆ ದೂರವನ್ನು ಲೈಟು ಕಂಬದಲ್ಲಿ ಅಳೆಯಲು ಶುರು ಮಾಡಿದೆ. ಬೆಳ್ಳಿಗೆ ಆಗ ಎರಡು ಕಂಬ ಬೇಕಿತ್ತು. ಎರಡು ಕಂಬದಾಚೆ ಇನ್ನೊಂದು ನಾಯಿ ಇದ್ದರೆ ನೋಡುತ್ತಿದ್ದಳು, ಆದರೆ ಕೈಯಿಂದ ತಿನ್ನುತ್ತಿದ್ದಳು. ಒಂದೂವರೆ ಕಂಬಕ್ಕೆ ಬಂದರೆ ತಿನ್ನುತ್ತಿರಲಿಲ್ಲ. ತಿನ್ನದಿದ್ದರೆ ಹತ್ತಿರ ಹೋಗಿದ್ದೇವೆ ಅಂತ ಲೆಕ್ಕ. ಇದಕ್ಕಿಂತ ಸುಲಭದ ಅಳತೆ ನನಗೆ ಗೊತ್ತಿಲ್ಲ. ಭೀಮನಿಗೆ ಇನ್ನೂ ಜಾಸ್ತಿ ದೂರ ಬೇಕಾಗಬಹುದು. ಮುಧೋಳದ ನಾಯಿ ಮೊದಲಿಂದಲೂ ಕಣ್ಣಿನಿಂದ ಬೇಟೆಯಾಡುವ ಜಾತಿ. ನಿನಗಿಂತ ಮೊದಲು ಅವನಿಗೆ ಕಂಡಿರುತ್ತದೆ. ಅದಕ್ಕೇ ನೀನು ಮೊಬೈಲ್ ಜೇಬಿನಲ್ಲಿಟ್ಟು ರಸ್ತೆಯನ್ನೂ ಅವನ ಕಿವಿಯನ್ನೂ ನೋಡುತ್ತಿರಬೇಕು.

ಮಾಡುವುದು ಇಷ್ಟೇ. ಕೋಳಿ ಲಿವರ್ ಬೇಯಿಸಿ ಕಡಲೆಕಾಳಿನಷ್ಟು ಸಣ್ಣಗೆ ಕತ್ತರಿಸಿ ಡಬ್ಬಿಯಲ್ಲಿ ಇಟ್ಟುಕೋ. ದೂರದಲ್ಲಿ ನಾಯಿ ಕಾಣಲಿ, ಅವನು ನೋಡಲಿ, ಆಮೇಲೆ ಒಂದು ಚೂರು ಕೊಡು. ನಾಯಿ ಕಾಣುವಷ್ಟು ಹೊತ್ತೂ ಒಂದೊಂದೇ ಕೊಡುತ್ತಿರು. ಅದು ಮರೆಯಾದ ಕೂಡಲೇ ಡಬ್ಬಿ ಮುಚ್ಚು. ಮೊದಲು ಲಿವರ್ ತೋರಿಸಿ ಆಮೇಲೆ ನಾಯಿ ಕಂಡರೆ ಕೆಲಸ ಕೆಡುತ್ತದೆ. ಡಬ್ಬಿ ತೆಗೆದರೆ ಎಲ್ಲೋ ನಾಯಿ ಇದೆ ಅಂತ ಅವನು ಡಬ್ಬಿಗೇ ಹೆದರುತ್ತಾನೆ. ನಾನು ಮೊದಲ ತಿಂಗಳು ಇದನ್ನೇ ತಿರುಗುಮುರುಗು ಮಾಡಿದ್ದೆ. ಎರಡು ಕಂಬದಿಂದ ಅರ್ಧ ಕಂಬಕ್ಕೆ ಬರಲು ನಮಗೆ ಎಂಟು ತಿಂಗಳು ಹಿಡಿಯಿತು.

ಆ ಟ್ರೈನರ್ ಕೊಟ್ಟ ಮುಳ್ಳಿನ ಬೆಲ್ಟನ್ನು ದಯವಿಟ್ಟು ಇವತ್ತೇ ತೆಗೆದುಬಿಡು. ಬೇರೆ ನಾಯಿ ಕಂಡಾಗಲೆಲ್ಲ ಕುತ್ತಿಗೆಗೆ ಚುಚ್ಚಿದರೆ, ನೋವು ಆ ನಾಯಿಯಿಂದಲೇ ಬಂತು ಅಂತ ಭೀಮ ಅಂದುಕೊಳ್ಳಬಹುದು. ಇಲ್ಲವೇ ಗುರ್ ಅನ್ನುವುದನ್ನು ಬಿಟ್ಟು ಸುಮ್ಮನಿದ್ದು, ಎಚ್ಚರಿಕೆಯನ್ನೇ ಕೊಡದೆ ಮೇಲೆ ಬೀಳಬಹುದು. "ನೀನೇ ಬಾಸ್ ಅಂತ ತೋರಿಸು" ಅನ್ನುವ ಮಾತಿಗೂ ಒಂದು ಹಿನ್ನೆಲೆ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಗುಂಪಿನಲ್ಲಿ ಮೇಲಿನ ಪಟ್ಟಕ್ಕಾಗಿ ತೋಳಗಳು ಹೊಡೆದಾಡುತ್ತವೆ ಅಂತ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದರು. ಅಮೆರಿಕದ ತೋಳ ತಜ್ಞ ಡೇವಿಡ್ ಮೀಚ್ 1970ರಲ್ಲಿ ಅದನ್ನು ಜನಪ್ರಿಯ ಮಾಡಿದರು. ಆಮೇಲೆ ಕಾಡಿನಲ್ಲಿ ತೋಳಗಳ ಜೊತೆ ವರ್ಷಗಟ್ಟಲೆ ಕಳೆದು, ಕಾಡಿನ ತೋಳದ ಗುಂಪು ಅಂದರೆ ಅಪ್ಪ ಅಮ್ಮ ಮಕ್ಕಳ ಸಂಸಾರ, ಅಲ್ಲಿ ಪಟ್ಟಕ್ಕಾಗಿ ಹೊಡೆದಾಟವಿಲ್ಲ ಅಂತ 1999ರಲ್ಲಿ ಅವರೇ ತಿದ್ದಿ ಬರೆದರು. ಬರೆದವರೇ ತಿದ್ದಿಕೊಂಡ ಮಾತಿಗೆ ನಮ್ಮ ನಾಯಿಗಳು ಇನ್ನೂ ಪೆಟ್ಟು ತಿನ್ನುತ್ತಿವೆ.

ಬೆಲ್ಟಿನ ವಿಷಯ ಬಂತಲ್ಲ, ಇನ್ನೊಂದು. ಭೀಮನ ತಲೆ ಸಣ್ಣ, ಕುತ್ತಿಗೆಯೂ ತಲೆಯಷ್ಟೇ ದಪ್ಪ. ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಬೆಲ್ಟು ಜಾರಿ ಬಂದುಬಿಡುತ್ತದೆ. ಎಳೆದಾಗ ಅಳತೆಗೆ ಮಾತ್ರ ಬಿಗಿಯಾಗಿ ಅಲ್ಲೇ ನಿಲ್ಲುವ ಮಾರ್ಟಿಂಗೇಲ್ ಬೆಲ್ಟು ಸಿಗುತ್ತದೆ, ಜೊತೆಗೆ ಎದೆಯ ಮುಂದೆ ಕೊಕ್ಕೆ ಇರುವ ಹಾರ್ನೆಸ್ ಹಾಕು. ಆರಡಿಯ ಲೀಶ್ ಸಾಕು. ಗುಂಡಿ ಒತ್ತಿದರೆ ಉದ್ದವಾಗುವ ಲೀಶ್ ಬೇಡವೇ ಬೇಡ.

ಟ್ರೈನರ್‌ಗಿಂತ ಮೊದಲು ಡಾಕ್ಟರಿಗೆ ತೋರಿಸಿದೆಯಾ? ಚೆನ್ನಾಗಿದ್ದವನು ಎರಡು ತಿಂಗಳಿಂದ ಹೀಗೆ ಅಂದೆ. ಕಿವಿನೋವು, ಸೊಂಟದ ನೋವು, ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್ ಯಾವುದಿದ್ದರೂ ನಾಯಿಗೆ ಸಹನೆ ಇರುವುದಿಲ್ಲ. ಇದನ್ನು ತಳ್ಳಬೇಡ.

ಬೀದಿ ನಾಯಿಗಳದ್ದು ಬೇರೆಯೇ ವಿಚಾರ. ಅವುಗಳ ಮೇಲೆ ನಿನಗೆ ಸಿಟ್ಟಿದೆ, ಗೊತ್ತು. ಆದರೆ ಆ ಬೀದಿ ಅವುಗಳ ಮನೆ. ಅವು ಹೆಚ್ಚಾಗಿ ತಮ್ಮ ಗಡಿಯ ತನಕ ಬೊಗಳುತ್ತ ಬಂದು ಅಲ್ಲಿ ನಿಲ್ಲುತ್ತವೆ. ಒಂದು ವಾರ ಭೀಮನಿಲ್ಲದೆ ಒಬ್ಬನೇ ನಡೆದು ಯಾವ ಗುಂಪಿನ ಗಡಿ ಎಲ್ಲಿದೆ, ಯಾವ ಹೊತ್ತಿಗೆ ಯಾರು ಊಟ ಹಾಕುತ್ತಾರೆ, ಕಸದ ಗಾಡಿ ಎಷ್ಟೊತ್ತಿಗೆ ಬರುತ್ತದೆ ನೋಡಿಕೋ. ಆ ಹೊತ್ತು ತಪ್ಪಿಸು. ಒಬ್ಬನೇ ಹೋಗುವಾಗ ಬಿಸ್ಕತ್ತು ಹಾಕಿ ಪರಿಚಯ ಮಾಡಿಕೋ. ಭೀಮನ ಜೊತೆ ಇದ್ದಾಗ ಅಟ್ಟಿಸಿಕೊಂಡು ಬಂದರೆ ಓಡಬೇಡ. ಒಂದು ಹಿಡಿ ಬಿಸ್ಕತ್ತಿನ ಚೂರನ್ನು ಅವುಗಳ ಕಡೆ ನೆಲಕ್ಕೆ ಎರಚಿ, ಮೂಗು ಕೆಳಗೆ ಹೋದ ಕೂಡಲೇ ದೊಡ್ಡ ಸುತ್ತು ಹೊಡೆದು ಹೊರಟುಬಿಡು. ಕೊಡೆಯೂ ಒಳ್ಳೆಯದು, ನಡುವೆ ಪಟ್ ಅಂತ ಬಿಚ್ಚಿದರೆ ಎಷ್ಟೋ ನಾಯಿ ನಿಲ್ಲುತ್ತವೆ. ಮೊದಲು ಭೀಮನಿಗೆ ಮನೆಯಲ್ಲೇ ಅದನ್ನು ರೂಢಿ ಮಾಡಿಸು.

ಕಾರ್ತಿಕ ಮಾಸದ ನಾಯಿ ಅಂತ ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ. ಮಳೆ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಹೆಣ್ಣು ನಾಯಿಗಳು ಬೆದೆಗೆ ಬರುತ್ತವೆ, ಗಂಡುಗಳ ಗುಂಪು ಕಟ್ಟುತ್ತದೆ. ಅದೇ ಸಮಯಕ್ಕೆ ಪಟಾಕಿ. ಅದಾಗಿ ಎರಡು ತಿಂಗಳಿಗೆ ಮರಿ ಹಾಕಿದ ತಾಯಂದಿರು ಚರಂಡಿ ಪಕ್ಕ, ನಿಲ್ಲಿಸಿದ ಕಾರಿನ ಕೆಳಗೆ ಕಾವಲು ಕೂತಿರುತ್ತಾರೆ. ಆ ಮೂರ್ನಾಲ್ಕು ತಿಂಗಳು ವಾಕಿಂಗ್ ಚಿಕ್ಕದಾಗಲಿ. ಪಟಾಕಿಗೆ ಬೆದರಿದ ನಾಯಿ ಮರುದಿನವೂ ಪೂರ್ತಿ ತಣ್ಣಗಾಗಿರುವುದಿಲ್ಲ. ಅಂಥ ದಿನ ಮನೆಯಲ್ಲೇ ಹಳೆಯ ಪಂಚೆಯ ಮಡಿಕೆಯಲ್ಲಿ ತಿಂಡಿ ಬಚ್ಚಿಟ್ಟು ಮೂಸಿ ಹುಡುಕಲು ಬಿಡು. ಅರ್ಧ ಗಂಟೆ ಮೂಸಿದರೆ ಚೆನ್ನಾಗಿ ಸುಸ್ತಾಗಿ ಮಲಗುತ್ತಾನೆ.

ಇಷ್ಟಾದರೂ ಜಗಳ ಹತ್ತಿಕೊಂಡರೆ ಬಾಯಿಯ ಹತ್ತಿರ, ಬೆಲ್ಟಿನ ಹತ್ತಿರ ಕೈ ಒಯ್ಯಬೇಡ. ನೀರು ಎರಚು, ಚೀಲ, ಕೊಡೆ ಏನಾದರೂ ನಡುವೆ ತೂರಿಸು. ಎದುರಿನದೂ ಸಾಕಿದ ನಾಯಿಯಾಗಿದ್ದರೆ ಇಬ್ಬರೂ ಒಟ್ಟಿಗೆ ತಮ್ಮ ತಮ್ಮ ನಾಯಿಯ ಹಿಂದಿನ ತೊಡೆಗಳನ್ನು ಹಿಡಿದು ಎತ್ತಿ, ಸುತ್ತು ಹಾಕುತ್ತ ಹಿಂದೆ ಹಿಂದೆ ಬನ್ನಿ. ಹಲ್ಲು ಕಚ್ಚಿಕೊಂಡೇ ಇದ್ದರೆ ಎಳೆಯಬಾರದು. ಭೀಮನ ಚರ್ಮ ತೆಳ್ಳಗೆ, ಹರಿದುಹೋಗುತ್ತದೆ. ಸಡಿಲವಾಗುವ ಕ್ಷಣಕ್ಕೆ ಕಾಯಬೇಕು.

ಕೊನೆಯದು ನಿನಗೆ ಬೇಜಾರಾಗಬಹುದು. ಒಕ್ಕಣೆಯಲ್ಲಿ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುತ್ತಿದ್ದರಲ್ಲ, ನಿಮ್ಮ ತಾತನ ಕಣದಲ್ಲಿ ನೋಡಿದ್ದೆವು. ನಾಯಿಗೂ ಹಾಗೇ ಬುಟ್ಟಿಯಂಥ ಬಾಯಿಕುಕ್ಕೆ ಬರುತ್ತದೆ. ಅದರೊಳಗೆ ಬಾಯಿ ತೆರೆದು ತೇಕಬಹುದು, ನೀರು ಕುಡಿಯಬಹುದು. ಬಾಯಿಯನ್ನೇ ಬಿಗಿಯುವ ಬಟ್ಟೆಯದು ಬೇಡ, ನಮ್ಮ ಬಿಸಿಲಿಗೆ ಅಪಾಯ. ಬೆಳ್ಳಿ ಒಂದೂವರೆ ವರ್ಷ ಕುಕ್ಕೆ ಹಾಕಿಕೊಂಡೇ ನಡೆದಳು. ಜನ ನೋಡಿ ದೂರ ಸರಿದರು, ನಮಗೆ ಬೇಕಾದ ದೂರವೂ ಸಿಕ್ಕಿತು. ಅದಕ್ಕಿಂತ ಹೆಚ್ಚಾಗಿ, ಕುಕ್ಕೆ ಇದೆ ಅಂದಮೇಲೆ ನನ್ನ ಕೈ ನಡುಗುವುದು ನಿಂತಿತು. ಲೀಶ್ ಸಡಿಲವಾಯಿತು.

ಮುಂದಿನ ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಬೆಳ್ಳಿಯ ಕುಕ್ಕೆ ಭೀಮನ ಮೂತಿಗೆ ಆಗುವುದಿಲ್ಲ. ಅವನ ಮೂತಿಯ ಉದ್ದ, ಸುತ್ತಳತೆ ಟೇಪಿನಲ್ಲಿ ಅಳೆದು ಕಳಿಸು, ಬರುವಾಗ ತರುತ್ತೇನೆ. ಅಲ್ಲಿಯ ತನಕ ದೊಡ್ಡ ವಾಕಿಂಗ್ ಬೇಡ. ಬೆಳಗ್ಗೆ ಐದಕ್ಕೆ ಮನೆ ಮುಂದೆ ಕರೆದುಕೊಂಡು ಹೋಗಿ ಬಾ, ಉಳಿದದ್ದು ತಾರಸಿ ಮೇಲೆ. ಭಾನುವಾರ ನಿಮ್ಮ ಬೀದಿಯಲ್ಲಿ ಇಬ್ಬರೂ ಸೇರಿ ಅವನಿಗೆ ಎಷ್ಟು ಕಂಬ ಬೇಕು ಅಂತ ನೋಡೋಣ.

ನಿನ್ನ,
ಸೀನ