ನಮ್ಮ ಹೊಲದ ಗೆರೆ ಹಿಡಿದು ಹೋದರೆ

ಹೆಲ್ಸಿಂಕಿ
ಡಿಸೆಂಬರ್ 14

ಅಪ್ಪ, ಅವ್ವನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಅಜ್ಜಿಯ ಮಂಡಿನೋವು ಹೇಗಿದೆ? ಇಲ್ಲಿ ಈಗ ಮಧ್ಯಾಹ್ನ ಮೂರೂಕಾಲಿಗೆಲ್ಲ ಹೊತ್ತು ಮುಳುಗುತ್ತದೆ. ಕತ್ತಲಾದ ಮೇಲೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಎಲ್ಲರೂ ಸೇರುತ್ತೇವೆ. ಅಲ್ಲಿ ಮೊನ್ನೆ ನಡೆದದ್ದನ್ನು ಫೋನಿನಲ್ಲಿ ಅರ್ಧಂಬರ್ಧ ಹೇಳೋಕೆ ಮನಸ್ಸಾಗಲಿಲ್ಲ. ಅದಕ್ಕೇ ಈ ಪತ್ರ.

ಪಕ್ಕದ ರೂಮಿನ ಹುಡುಗಿ ಸೆನೆಗಲ್ ದೇಶದವಳು. ಆಫ್ರಿಕಾದ ಪಡುವಣ ತುದಿ ಅದು. ನಿಮ್ಮೂರು ತೋರಿಸು ಅಂದಳು. ಲ್ಯಾಪ್‌ಟಾಪಿನಲ್ಲಿ ಗೂಗಲ್ ಅರ್ಥ್ ತೆಗೆದೆ. ತಮ್ಮನಿಗೆ ಗೊತ್ತಿರುತ್ತದೆ, 2005ರಿಂದಲೂ ಇದೆ. ಇಡೀ ಭೂಮಿ ಚೆಂಡಿನ ಹಾಗೆ ಕಣ್ಣೆದುರು ನಿಲ್ಲುತ್ತದೆ. ಊರಿನ ಹೆಸರು ಬರೆದರೆ ಹದ್ದು ಎರಗಿದ ಹಾಗೆ ಮೇಲಿಂದ ಅಲ್ಲಿಗೇ ಇಳಿಯುತ್ತದೆ. ಚಳ್ಳಕೆರೆ ಬಂತು. ಅಲ್ಲಿಂದ ರಸ್ತೆ ಹಿಡಿದು ನಮ್ಮ ಹೊಲಕ್ಕೆ ಹೋದೆ.

ಅವ್ವ, ಅಂಗಳದಲ್ಲಿ ನಿಂತರೆ ನಾನು ಕಾಣ್ತೀನಾ ಅಂತ ಕೇಳಿದ್ದೆಯಲ್ಲ, ಕಾಣಲ್ಲ ಕಣವ್ವ. ಉಪಗ್ರಹ, ವಿಮಾನಗಳಿಂದ ಬೇರೆ ಬೇರೆ ದಿನ ತೆಗೆದ ಫೋಟೋಗಳನ್ನು ನೀನು ಕೌದಿ ಹೊಲಿದ ಹಾಗೆ ಜೋಡಿಸಿರುತ್ತಾರೆ. ಜೋಡಿಸಿದ ಕಡೆ ಒಂದು ಬದಿ ಹಸಿರು, ಇನ್ನೊಂದು ಬದಿ ಬರೀ ಕೆಂಪು ಮಣ್ಣು. ನಮ್ಮ ಹೊಲದ ಫೋಟೋ ಹಳೆಯದು. ಬೇವಿನ ಮರದ ನೆರಳು ಪಡುವಣಕ್ಕೆ ಬಿದ್ದಿದೆ, ಹಾಗಾಗಿ ಬೆಳಗಿನ ಹೊತ್ತಿನದು. ಕಣದ ಪಕ್ಕ ಒಂದು ನೀಲಿ ಚುಕ್ಕೆ. ಸಾಸಿವೆ ಕಾಳಿನಷ್ಟು. ಏನಿರಬಹುದು ಅಂತ ನೋಡ್ತಾ ನೋಡ್ತಾ ಹೊಳೆಯಿತು, ತಾಡಪಾಲು! ಕಿತ್ತು ಒಟ್ಟಿದ ಶೇಂಗಾ ಬಣವೆ ಮೇಲೆ ಮಳೆ ಬಂತು ಅಂತ ಅಪ್ಪ ರಾತ್ರಿ ಎದ್ದು ಹೊದಿಸಿದ್ದರಲ್ಲ, ಅದೇ. ನಾನು ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಹಗ್ಗದ ತುದಿ ಹಿಡಿದಿದ್ದೆ. ಕಣ್ಣು ತುಂಬಿ ಬಂತು.

ಯಾಕೆ ಅಂತ ಅವಳು ಕೇಳಿದಳು. ಶೇಂಗಾ ಕಥೆ ಹೇಳಿದೆ. ನಮ್ಮಪ್ಪಂದೂ ಅದೇ ಬೆಳೆ ಅಂದಳು.

ಅವಳ ಊರು ಕಾವ್ಲಾಕ್ ಪೇಟೆಯ ಹತ್ತಿರ. ನಮಗೆ ಚಳ್ಳಕೆರೆ ಹೇಗೋ ಅವರಿಗೆ ಕಾವ್ಲಾಕ್ ಹಾಗೆ, ಸುತ್ತಲಿನ ಶೇಂಗಾ ಎಲ್ಲ ಅಲ್ಲಿಗೇ ಬರುತ್ತದೆ. ಅವಳು ತೋರಿಸುವಾಗ ಪರದೆಯ ಕೆಳಗಿನ ಅಂಕಿ ಕಣ್ಣಿಗೆ ಬಿತ್ತು. ಅಕ್ಷಾಂಶ 14 ಡಿಗ್ರಿ ಚಿಲ್ಲರೆ. ನಮ್ಮದೂ 14 ಡಿಗ್ರಿ ಚಿಲ್ಲರೆ! ಹೆಲ್ಸಿಂಕಿ ಇರುವುದು 60ರಲ್ಲಿ, ಅದಕ್ಕೇ ಇಲ್ಲಿ ಈ ಕತ್ತಲು. ನಿಮಗೂ ಅವರಿಗೂ ಹಗಲಿನ ಅಳತೆ ಒಂದೇ. ನೀವು ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕೆ ಕೂತಾಗ ಅಲ್ಲಿ ಆಗಷ್ಟೇ ಹೊತ್ತು ಹುಟ್ಟಿರುತ್ತದೆ, ಅಷ್ಟೇ ವ್ಯತ್ಯಾಸ.

ಆ ರಾತ್ರಿ ಇಬ್ಬರೂ ನಮ್ಮ ಹೊಲದ ಗೆರೆ ಹಿಡಿದು ಪಡುವಣಕ್ಕೆ ಹೊರಟೆವು. ಅರಬ್ಬೀ ಸಮುದ್ರ ದಾಟಿದರೆ ಯೆಮೆನ್. ಆಮೇಲೆ ಇಥಿಯೋಪಿಯಾದ ಬೆಟ್ಟಗಳು, ಸುಡಾನ್, ಮಾಲಿ. ಅವಳ ಊರು ದಾಟಿ ಅಟ್ಲಾಂಟಿಕ್ ಸಮುದ್ರ. ಮುಂದೆ ಹೊಂಡುರಾಸ್. ಅದರಾಚೆ ಎಷ್ಟು ಎಳೆದರೂ ಮುಗಿಯದ ಪೆಸಿಫಿಕ್. ಫಿಲಿಪೀನ್ಸ್‌ನಲ್ಲಿ ಸರೋವರದ ನಡುವೆ ತಾಲ್ ಅನ್ನೋ ಜ್ವಾಲಾಮುಖಿ. ಆಮೇಲೆ ಥಾಯ್ಲೆಂಡ್, ಬಂಗಾಳ ಕೊಲ್ಲಿ, ಮತ್ತೆ ನಮ್ಮ ಬೇವಿನ ಮರ.

ಅವಳ ಊರಿನ ಮೇಲೆ ಮಾತ್ರ ಜಾಸ್ತಿ ಹೊತ್ತು ನಿಂತೆ. ಕಂದು ಬಣ್ಣದ ಹೊಲಗಳು, ಅಲ್ಲೊಂದು ಇಲ್ಲೊಂದು ಮರ. ಅದರಲ್ಲಿ ಬಾವೋಬಾಬ್ ಕೂಡ ಇದೆ ಅಂದಳು. ಅಪ್ಪ, ಅದು ಸವಣೂರಿನ ಮಠದಲ್ಲಿ ನಮಗೆ ತೋರಿಸಿದ್ದಿರಲ್ಲ, ದೊಡ್ಡ ಹುಣಸೆ, ಅದೇ ಜಾತಿ. ಅಲ್ಲೂ ಜೂನ್, ಜುಲೈ ಮಳೆ ನೋಡಿಕೊಂಡೇ ಬಿತ್ತುವುದು, ಅಕ್ಟೋಬರ್ ಹೊತ್ತಿಗೆ ಕೀಳುವುದು. ಮಳೆ ಕೈಕೊಟ್ಟರೆ ಅಲ್ಲೂ ಕಾಯಿ ಜೊಳ್ಳು.

ಮಾರನೇ ದಿನ ಅವಳು ಶೇಂಗಾ ಅರೆದು ಹಾಕಿ ಮಾಫೆ ಅಂತ ಗಟ್ಟಿ ಸಾರು ಮಾಡಿದಳು. ಅನ್ನಕ್ಕೆ ಕಲಸಿಕೊಂಡು ತಿಂದೆವು. ಅವ್ವ, ನಿನ್ನ ಶೇಂಗಾ ಚಟ್ನಿಪುಡಿ ಡಬ್ಬಿ ಅವಳಿಗೇ ಕೊಟ್ಟುಬಿಟ್ಟೆ. ಯಾರಾದರೂ ಬರುವವರಿದ್ದರೆ ಇನ್ನೊಂದು ಕಳಿಸು.

ತಮ್ಮನಿಗೆ ಹೇಳಿ, ಅಜ್ಜಿಗೆ ಇದನ್ನು ಮೊಬೈಲಿನಲ್ಲೇ ತೋರಿಸಲಿ. ಮೊದಲು ನಮ್ಮ ಹೊಲ, ಆಮೇಲೆ ಕಾವ್ಲಾಕ್.

ಅಪ್ಪ, ಈ ಸಲ ಎಷ್ಟು ಚೀಲ ಆಯಿತು? ಒಂದು ಗಿಡಕ್ಕೆ ಎಷ್ಟು ಕಾಯಿ ಕಟ್ಟಿತ್ತು? ಮರೆಯದೆ ತಿಳಿಸಿ. ಅವಳ ಅಪ್ಪ ಕೇಳಿದ್ದಾರೆ.

ನಿಮ್ಮ ಪ್ರೀತಿಯ ಮಗಳು